ಕೊಂಡಿ ಕಡಿದ ಬರಹಗಳು

ಕಂಪ್ಯೂಟರಿನಲ್ಲಿರುವ ಒಂದು ಕಡತ ಎಷ್ಟು ದೊಡ್ಡದೆಂದು ನೋಡಿದರೆ ‘340 ಕೆಬಿ’ ಎಂದೋ ‘1.5 ಎಂಬಿ’ ಎಂದೋ ಕಾಣಿಸುತ್ತದೆ. ಯಂತ್ರದ ಒಳಗಿರುವುದು ಬೈಟುಗಳ ಉದ್ದನೆಯ ಸಂಖ್ಯೆ. ಅದನ್ನು ಮನುಷ್ಯರು ಓದುವ ರೂಪಕ್ಕೆ ತರಲು ಜಾವಾ ಭಾಷೆಯಲ್ಲಿ ಏನು ಬರೆಯಬೇಕು ಎಂಬ ಪ್ರಶ್ನೆಗೆ 2010ರಲ್ಲಿ ಆಂಡ್ರಿಯಾಸ್ ಲುಂಡ್‌ಬ್ಲಾಡ್ ಎಂಬ ಪ್ರೋಗ್ರಾಮರ್ ಸ್ಟ್ಯಾಕ್ ಓವರ್‌ಫ್ಲೋ ತಾಣದಲ್ಲಿ ಉತ್ತರ ಕೊಟ್ಟರು. ಮತ್ತೆ ಮತ್ತೆ ಭಾಗಿಸುತ್ತ ಹೋಗುವ ಬದಲು ಲಾಗರಿದಮ್ ಹಿಡಿದು ಒಂದೇ ಏಟಿಗೆ ಉತ್ತರ ತೆಗೆಯುವ ನಾಲ್ಕಾರು ಸಾಲಿನ ಚುರುಕಾದ ಕೋಡ್ ಅದು. ಜನಕ್ಕೆ ಹಿಡಿಸಿತು. ಎತ್ತಿಕೊಂಡು ಹೋಗಿ ತಮ್ಮ ತಮ್ಮ ತಂತ್ರಾಂಶಗಳಲ್ಲಿ ಕೂರಿಸಿಕೊಂಡರು.

ಎಂಟು ವರ್ಷಗಳ ನಂತರ ಜರ್ಮನಿಯ ಸೆಬಾಸ್ಟಿಯನ್ ಬಾಲ್ಟೆಸ್ ಮತ್ತು ಸ್ಟೀಫನ್ ಡೀಲ್ ಎಂಬ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಸ್ಟ್ಯಾಕ್ ಓವರ್‌ಫ್ಲೋದ ಜಾವಾ ತುಣುಕುಗಳು ಪ್ರೋಗ್ರಾಮರ್‌ಗಳು ಕೋಡ್ ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ ತಾಣದ ಯಾವ ಯಾವ ಯೋಜನೆಗಳಿಗೆ ಹೋಗಿ ಸೇರಿವೆ ಎಂಬುದು ಅವರ ಹುಡುಕಾಟ. ಅವರು ಕಲೆಹಾಕಿದ ಮಾಹಿತಿಯ ಪ್ರಕಾರ ಎಲ್ಲಕ್ಕಿಂತ ಹೆಚ್ಚು ನಕಲಾದ ತುಣುಕು ಲುಂಡ್‌ಬ್ಲಾಡ್ ಅವರದು. ಅವರು ತಮ್ಮ ಹಳೆಯ ಕೋಡನ್ನು ಮತ್ತೆ ತೆಗೆದು ನೋಡಿದರು. ಅದರಲ್ಲಿ ತಪ್ಪಿತ್ತು. 9,99,999 ಬೈಟ್ ಕೊಟ್ಟರೆ ‘1.0 ಎಂಬಿ’ ಎನ್ನಬೇಕಾದದ್ದು ‘1000.0 ಕೆಬಿ’ ಎನ್ನುತ್ತಿತ್ತು. 2019ರ ಕೊನೆಯಲ್ಲಿ ಅವರು ಆ ತಪ್ಪನ್ನು ವಿವರಿಸಿ ಬರೆದರು, ಮೂಲ ಉತ್ತರವನ್ನು ತಿದ್ದಿದರು.

ಅವರ ಕೈಗೆ ಸಿಕ್ಕಿದ್ದು ಮೂಲ ಮಾತ್ರ. ಸಾವಿರಾರು ಕಡೆ ಹರಡಿಹೋಗಿದ್ದ ಪ್ರತಿಗಳಲ್ಲಿ, ಅದನ್ನು ಎಲ್ಲಿಂದ ತಂದದ್ದೆಂದು ಬರೆದುಕೊಂಡವರು ಹಿಂದಿರುಗಿ ನೋಡಿ ತಿದ್ದಿಕೊಳ್ಳಬಹುದಿತ್ತು. ಬರೆದುಕೊಳ್ಳದವರಿಗೆ ತಪ್ಪಿದೆ ಎಂಬುದು ತಿಳಿಯುವ ದಾರಿಯೇ ಇರಲಿಲ್ಲ.

ಕೃತಿಚೌರ್ಯದ ಮಾತು ಬಂದಾಗ ನಾವು ಬರೆದವರಿಗೆ ಆದ ಅನ್ಯಾಯವನ್ನು ಕುರಿತೇ ಮಾತಾಡುತ್ತೇವೆ. ಆ ಅನ್ಯಾಯ ಸಣ್ಣದಲ್ಲ. ಆದರೆ ಪ್ರೋಗ್ರಾಮಿಂಗ್ ಲೇಖನ ಕಳುವಾದಾಗ ಹೆಚ್ಚು ಪೆಟ್ಟು ತಿನ್ನುವುದು ಓದುಗರು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕತೆಯನ್ನೋ ಕವಿತೆಯನ್ನೋ ಕದ್ದು ಹಾಕಿದರೆ ಓದುವವರಿಗೆ ಸಿಗುವುದು ಅದೇ ಕತೆ, ಅದೇ ಕವಿತೆ. ಪ್ರೋಗ್ರಾಮಿಂಗ್ ಬರಹ ಹಾಗಲ್ಲ. ಅದಕ್ಕೆ ಆಯುಸ್ಸು ಇದೆ. ಭಾಷೆಯ ಆವೃತ್ತಿ ಬದಲಾಗುತ್ತದೆ, ಲೈಬ್ರರಿ ಬದಲಾಗುತ್ತದೆ, ನಿನ್ನೆ ಸುರಕ್ಷಿತ ಎಂದು ನಂಬಿದ್ದು ಇಂದು ಅಪಾಯ ಎಂದು ಗೊತ್ತಾಗುತ್ತದೆ. ಒಳ್ಳೆಯ ಲೇಖಕರು ಹಳೆಯ ಲೇಖನದ ತಲೆಯ ಮೇಲೆ ‘ಈ ವಿಧಾನ ಈಗ ಬಳಸಬೇಡಿ’ ಎಂದು ಒಂದು ಸಾಲು ಸೇರಿಸುತ್ತಾರೆ. ಕದ್ದ ಪ್ರತಿಗೆ ಆ ಸಾಲು ಎಂದೂ ತಲುಪುವುದಿಲ್ಲ.

ಇದಕ್ಕೆ ಪಿಎಚ್‌ಪಿ ಒಳ್ಳೆಯ ಸಾಕ್ಷಿ. ಡೇಟಾಬೇಸ್‌ಗೆ ಪ್ರಶ್ನೆ ಕಳಿಸುವ ಅದರ ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನು ಬಳಸಬಾರದೆಂದು 2013ರಲ್ಲೇ ಅಧಿಕೃತವಾಗಿ ಸೂಚಿಸಲಾಯಿತು. 2015ರ ಕೊನೆಗೆ ಬಂದ ಏಳನೆಯ ಆವೃತ್ತಿಯಲ್ಲಿ ಅವನ್ನು ಕಿತ್ತೇ ಹಾಕಲಾಯಿತು. ಆದರೆ ಬಳಕೆದಾರ ಟೈಪ್ ಮಾಡಿದ್ದನ್ನು ಯಾವ ತಪಾಸಣೆಯೂ ಇಲ್ಲದೆ ನೇರವಾಗಿ ಪ್ರಶ್ನೆಯೊಳಗೆ ತುರುಕುವ ಹಳೆಯ ಪಾಠಗಳು ಊರೂರು ಸುತ್ತುತ್ತಲೇ ಇದ್ದವು. 2017ರಲ್ಲಿ ಸಂಶೋಧಕರ ಒಂದು ತಂಡ ಜನಪ್ರಿಯ ಪಾಠಗಳಲ್ಲಿರುವ ದೋಷಪೂರ್ಣ ಕೋಡನ್ನು ಮಾದರಿಯಾಗಿಟ್ಟುಕೊಂಡು ಗಿಟ್‌ಹಬ್‌ನ 64,415 ಪಿಎಚ್‌ಪಿ ಯೋಜನೆಗಳನ್ನು ಜಾಲಾಡಿತು. ಆ ಪಾಠಗಳ ಕೋಡನ್ನೇ ಬಹುಮಟ್ಟಿಗೆ ಹೋಲುವ 117 ಭದ್ರತಾ ದೋಷಗಳು ಸಿಕ್ಕವು. ಯಾರೋ ಕಲಿಯಲೆಂದು ಓದಿದ ಪಾಠ ನಿಜವಾದ ತಂತ್ರಾಂಶದ ಗೋಡೆಯಲ್ಲಿ ಬಿರುಕಾಗಿ ಕೂತಿತ್ತು.

2021ರ ಡಿಸೆಂಬರ್ ಇನ್ನೂ ಚುರುಕಾದ ಉದಾಹರಣೆ. ಜಾವಾ ತಂತ್ರಾಂಶಗಳಲ್ಲಿ ಎಲ್ಲೆಡೆ ಬಳಕೆಯಲ್ಲಿದ್ದ ಲಾಗ್‌ಫೋರ್‌ಜೆ ಎಂಬ ಲೈಬ್ರರಿಯಲ್ಲಿ ಭಾರೀ ದೋಷ ಪತ್ತೆಯಾಯಿತು. ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಆ ವಾರ ದುಡಿದವರು ಅದನ್ನು ಮರೆತಿರಲಾರರು. ಮೊದಲು 2.15.0 ಆವೃತ್ತಿ ಬಂತು. ಆವೃತ್ತಿ ಬದಲಿಸಲಾಗದವರು ಒಂದು ಸೆಟ್ಟಿಂಗ್ ಬದಲಿಸಿದರೆ ಸಾಕು ಎಂಬ ಸಲಹೆಯೂ ಬಂತು. ಕೆಲವೇ ದಿನಗಳಲ್ಲಿ ಆ ಸೆಟ್ಟಿಂಗ್ ಸಾಲದು ಎಂದು ತಿಳಿಯಿತು. 2.16.0 ಬಂತು, ಅದರ ಬೆನ್ನಿಗೇ 2.17.0. ಹೊಣೆಯರಿತು ಬರೆಯುವವರು ತಮ್ಮ ಲೇಖನವನ್ನು ಆ ಒಂದೇ ತಿಂಗಳಲ್ಲಿ ಮತ್ತೆ ಮತ್ತೆ ತಿದ್ದಬೇಕಾಯಿತು. ಮೊದಲ ದಿನ ಅದನ್ನು ಎತ್ತಿಕೊಂಡು ತನ್ನ ಪುಟಕ್ಕೆ ಅಂಟಿಸಿಕೊಂಡ ತಾಣಕ್ಕೆ ಹೀಗೆ ತಿದ್ದುವ ಹೊಣೆ ಯಾರದು? ಅಲ್ಲಿ ವಿಷಯ ಬಲ್ಲವರು ಯಾರೂ ಇಲ್ಲ. ಇರುವುದು ಅಂಟಿಸುವ ಕೈ, ಎಷ್ಟೋ ಕಡೆ ಅದೂ ಇಲ್ಲ. ಹೊಸ ಲೇಖನ ಪ್ರಕಟವಾದ ಕೂಡಲೇ ಆರ್‌ಎಸ್‌ಎಸ್ ಫೀಡ್‌ನಿಂದ ಅದನ್ನು ತಾನಾಗಿಯೇ ಎಳೆದುಕೊಂಡು ಸುತ್ತ ಜಾಹೀರಾತು ಜೋಡಿಸುವ ಸಣ್ಣ ಪ್ರೋಗ್ರಾಂ ಅಲ್ಲಿ ಕೂತಿರುತ್ತದೆ.

ಯಂತ್ರ ಕದಿಯುವುದು ದುಡ್ಡಿಗಾಗಿ. ಮನುಷ್ಯರು ಕದಿಯುವುದಕ್ಕೆ ಬೇರೆ ಕಾರಣಗಳಿವೆ. ಕೆಲಸ ಹುಡುಕುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ‘ನಿಮ್ಮದೊಂದು ತಾಂತ್ರಿಕ ಬ್ಲಾಗ್ ಇರಲಿ, ಲಿಂಕ್ಡ್‌ಇನ್‌ನಲ್ಲಿ ವಾರಕ್ಕೊಂದು ಬರಹ ಹಾಕಿ’ ಎಂದು ಎಲ್ಲರೂ ಹೇಳುತ್ತಾರೆ. ಹೇಗೆ ಬರೆಯಬೇಕೆಂದು ಹೇಳಿಕೊಡುವವರು ಕಡಿಮೆ. ಲ್ಯಾಬ್ ರೆಕಾರ್ಡನ್ನು ಸೀನಿಯರ್‌ಗಳಿಂದ ಇಳಿಸಿಕೊಳ್ಳುವುದು ತಪ್ಪೆಂದೇ ಅನ್ನಿಸದ ವಾತಾವರಣದಲ್ಲಿ ನಾಲ್ಕು ವರ್ಷ ಕಳೆದವರು ಬ್ಲಾಗನ್ನೂ ಹಾಗೆಯೇ ಇಳಿಸುತ್ತಾರೆ. ಅವರನ್ನು ಕಳ್ಳರೆಂದು ಬೈದು ಸುಮ್ಮನಾಗುವುದು ನನಗೆ ಒಪ್ಪಿಗೆಯಿಲ್ಲ. ಪಿಎಚ್‌ಡಿ ಪ್ರಬಂಧಗಳಿಗೆ ಯುಜಿಸಿ 2018ರಲ್ಲಿ ನಿಯಮ ಮಾಡಿದೆ: ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಶೇ 40ರವರೆಗೆ ತಿದ್ದಿ ಮತ್ತೆ ಸಲ್ಲಿಸಬೇಕು, ಶೇ 60ರವರೆಗೆ ಒಂದು ವರ್ಷ ಸಲ್ಲಿಸುವಂತಿಲ್ಲ, ಅದಕ್ಕೂ ಮೀರಿದರೆ ನೋಂದಣಿಯೇ ರದ್ದು. ಸಂಶೋಧನೆಯ ಹಂತದಲ್ಲಿ ಇಷ್ಟು ಬಿಗಿಯಾಗಿರುವ ನಾವು, ಮೊದಲ ಸೆಮಿಸ್ಟರ್‌ನಲ್ಲಿ ಮೊದಲ ಪ್ರೋಗ್ರಾಂ ಬರೆಯುವ ಹುಡುಗ ಹುಡುಗಿಯರಿಗೆ ‘ಎಲ್ಲಿಂದ ತೆಗೆದುಕೊಂಡೆಯೋ ಅದನ್ನು ಮೇಲೆ ಬರೆ’ ಎಂಬ ಒಂದು ಮಾತನ್ನು ಹೇಳಿಕೊಡುವುದಿಲ್ಲ.

ವೃತ್ತಿಯಲ್ಲಿರುವವರ ಪರಿಸ್ಥಿತಿಯೂ ಬೇರೆಯಿಲ್ಲ. ಬಾಲ್ಟೆಸ್ ಮತ್ತು ಡೀಲ್ ಅವರ ಅಧ್ಯಯನದ ಅಂದಾಜಿನ ಪ್ರಕಾರ, ಸ್ಟ್ಯಾಕ್ ಓವರ್‌ಫ್ಲೋದಿಂದ ನಕಲಾದ ತುಣುಕುಗಳ ಪೈಕಿ ಮೂಲವನ್ನು ಸರಿಯಾಗಿ ಸೂಚಿಸಿರುವುದು ಹೆಚ್ಚೆಂದರೆ ಕಾಲು ಭಾಗ. ಅವರ ಸಮೀಕ್ಷೆಯ ಪ್ರಶ್ನೆಗೆ ಉತ್ತರಿಸಿದ ಪ್ರೋಗ್ರಾಮರ್‌ಗಳಲ್ಲಿ ಸುಮಾರು ಅರ್ಧದಷ್ಟು ಜನ ಮೂಲ ಹೇಳದೆ ನಕಲು ಮಾಡಿದ್ದೇವೆಂದು ಒಪ್ಪಿಕೊಂಡರು. ಮೂರರಲ್ಲಿ ಎರಡು ಪಾಲು ಜನಕ್ಕೆ ಅಲ್ಲಿನ ಬರಹಕ್ಕೆ ಪರವಾನಗಿಯ ಷರತ್ತು ಇದೆ ಎಂಬುದೇ ಗೊತ್ತಿರಲಿಲ್ಲ.

ಆ ಷರತ್ತು ಉದಾರವಾದದ್ದು. ಸ್ಟ್ಯಾಕ್ ಓವರ್‌ಫ್ಲೋದಲ್ಲಿ, ವಿಕಿಪೀಡಿಯದಲ್ಲಿ ಇರುವ ಬರಹ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಇದೆ. ಯಾರು ಬೇಕಾದರೂ ಮರುಪ್ರಕಟಿಸಬಹುದು, ದುಡ್ಡನ್ನೂ ಮಾಡಬಹುದು. ಬರೆದವರ ಹೆಸರು, ಮೂಲದ ಕೊಂಡಿ, ಪರವಾನಗಿಯ ಹೆಸರು, ಏನು ಬದಲಿಸಿದ್ದೇವೆಂಬ ಸೂಚನೆ ಇರಬೇಕು; ತಿದ್ದಿ ಬೆಳೆಸಿದ್ದನ್ನು ಅದೇ ಪರವಾನಗಿಯಡಿ ಬಿಡಬೇಕು. ಅಷ್ಟೇ. ಮರುಪ್ರಕಟಣೆಯೆಲ್ಲ ಕಳವಲ್ಲ ಎಂಬುದನ್ನು ಒತ್ತಿ ಹೇಳಬೇಕು. ಲೇಖಕರೇ ತಮ್ಮ ಬರಹವನ್ನು ಎರಡು ಮೂರು ತಾಣಗಳಲ್ಲಿ ಹಾಕುವುದು ವಾಡಿಕೆ. ಹಾಗೆ ಹಾಕುವಾಗ ‘ಮೂಲ ಇಲ್ಲಿದೆ’ ಎಂದು ಸರ್ಚ್ ಎಂಜಿನ್‌ಗೆ ತಿಳಿಸುವ ಕೆನಾನಿಕಲ್ ಎಂಬ ಗುರುತನ್ನು 2009ರಲ್ಲೇ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಸೇರಿ ಜಾರಿಗೆ ತಂದವು. ಪುಟದ ತಲೆಭಾಗದಲ್ಲಿ ಕಣ್ಣಿಗೆ ಬೀಳದೆ ಕೂರುವ ಒಂದು ಸಾಲು ಅದು. ಕದಿಯುವವರು ಅದನ್ನು ಹಾಕುವುದಿಲ್ಲ, ಹಾಕಿದರೂ ತಮ್ಮ ಪುಟವನ್ನೇ ಮೂಲವೆಂದು ತೋರಿಸುತ್ತಾರೆ.

ಒಂದೇ ಬರಹ ಹತ್ತು ಕಡೆ ಇದ್ದರೆ ಸರ್ಚ್ ಎಂಜಿನ್ ಹತ್ತನ್ನೂ ತೋರಿಸುವುದಿಲ್ಲ. ಅವನ್ನೆಲ್ಲ ಒಂದು ಗುಂಪು ಮಾಡಿ, ಅದರಲ್ಲಿ ತನಗೆ ಸರಿಕಂಡ ಒಂದನ್ನು ಮುಂದಿಡುತ್ತದೆ. ಆಗ ಹೆಚ್ಚು ಜನ ಬಂದುಹೋಗುವ ದೊಡ್ಡ ತಾಣ ಗೆಲ್ಲುವ ಸಂಭವವಿದೆ. ರಾತ್ರಿ ಕೂತು ಬರೆದ ಹೊಸ ಲೇಖಕರ ಸಣ್ಣ ತಾಣ ಕೆಳಗೆ ಬೀಳುತ್ತದೆ. ಸಣ್ಣವರಿಗಷ್ಟೇ ಈ ಗತಿ ಎಂದೂ ಅಲ್ಲ. 2011ರ ಜನವರಿಯಲ್ಲಿ ಸ್ಟ್ಯಾಕ್ ಓವರ್‌ಫ್ಲೋದ ಸಹಸಂಸ್ಥಾಪಕ ಜೆಫ್ ಅಟ್‌ವುಡ್ ಬಹಿರಂಗವಾಗಿ ದೂರಿದರು: ನಮ್ಮ ಉತ್ತರಗಳನ್ನು ಎತ್ತಿ ಜಾಹೀರಾತು ಮೆತ್ತಿದ ತಾಣಗಳು ಗೂಗಲ್‌ನಲ್ಲಿ ನಮಗಿಂತ ಮೇಲೆ ಬರುತ್ತಿವೆ ಎಂದು. ಅದೇ ತಿಂಗಳ ಕೊನೆಗೆ ಗೂಗಲ್‌ನ ಮ್ಯಾಟ್ ಕಟ್ಸ್, ಮೂಲಕ್ಕೆ ಹೆಚ್ಚು ಬೆಲೆ ಕೊಡುವ ಬದಲಾವಣೆ ತಂದಿರುವುದಾಗಿ ತಿಳಿಸಿದರು. ಮುಂದಿನ ತಿಂಗಳೇ ಪಾಂಡಾ ಎಂದು ಹೆಸರಾದ ದೊಡ್ಡ ಬದಲಾವಣೆ ಬಂತು. ಅಮೆರಿಕದಲ್ಲಿ ಶೇ 11.8ರಷ್ಟು ಹುಡುಕಾಟಗಳ ಫಲಿತಾಂಶ ಅದರಿಂದ ಬದಲಾಯಿತು. ಅಷ್ಟು ದೊಡ್ಡ ತಾಣ ಕೂಗಿ ಹೇಳಬೇಕಾಯಿತು ಎಂದರೆ, ಶಿವಮೊಗ್ಗದಲ್ಲೋ ಕಲಬುರಗಿಯಲ್ಲೋ ಕೂತು ಬರೆಯುವ ಒಬ್ಬರ ದೂರು ಯಾರ ಕಿವಿಗೆ ಬಿದ್ದೀತು?

ಹಾಗಾದರೆ ಕದ್ದದ್ದೆಂದು ಖಚಿತಪಡಿಸಿಕೊಳ್ಳುವುದು ಹೇಗೆ? ಇಲ್ಲಿ ನಮ್ಮ ಹಳೆಯ ವಿದ್ವಾಂಸರ ವಿದ್ಯೆಯೊಂದು ನೆರವಿಗೆ ಬರುತ್ತದೆ. ಹಳಗನ್ನಡ ಕಾವ್ಯಗಳ ಓಲೆಗರಿಗಳನ್ನು ಪರಿಷ್ಕರಿಸುವವರು ಒಂದೇ ಕಾವ್ಯದ ಹಲವು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಡಿ.ಎಲ್. ನರಸಿಂಹಾಚಾರ್ ಈ ಶಾಸ್ತ್ರಕ್ಕೆಂದೇ ‘ಕನ್ನಡ ಗ್ರಂಥಸಂಪಾದನೆ’ ಎಂಬ ಪುಸ್ತಕ ಬರೆದಿದ್ದಾರೆ. ಎರಡು ಪ್ರತಿಗಳಲ್ಲಿ ಸರಿಯಾದ ಪಾಠ ಒಂದೇ ಆಗಿದ್ದರೆ ಅದರಿಂದ ಹೆಚ್ಚೇನೂ ತಿಳಿಯದು. ಎರಡರಲ್ಲೂ ಒಂದೇ ಜಾಗದಲ್ಲಿ ಒಂದೇ ತಪ್ಪಿದ್ದರೆ, ಒಂದು ಇನ್ನೊಂದರಿಂದಲೋ, ಎರಡೂ ಒಂದೇ ಮಾತೃಪ್ರತಿಯಿಂದಲೋ ಇಳಿದಿವೆ ಎಂದು ತಿಳಿಯಬಹುದು. ಸರಿಯನ್ನು ಇಬ್ಬರು ಬೇರೆ ಬೇರೆಯಾಗಿ ಬರೆಯಬಲ್ಲರು; ಒಂದೇ ವಿಚಿತ್ರ ತಪ್ಪನ್ನು ಇಬ್ಬರೂ ಸ್ವತಂತ್ರವಾಗಿ ಮಾಡುವುದು ಅಪರೂಪ.

ಪ್ರೋಗ್ರಾಮಿಂಗ್ ಲೇಖನದಲ್ಲೂ ನೋಡಬೇಕಾದದ್ದು ಇದನ್ನೇ. ವಿವರಣೆಯಲ್ಲಿ ಬಿಟ್ಟುಹೋದ ಅಕ್ಷರ, ಕಾಮೆಂಟ್ ಸಾಲಿನ ಕಾಗುಣಿತ ದೋಷ, ವೇರಿಯಬಲ್‌ಗೆ ಇಟ್ಟ ವಿಚಿತ್ರ ಹೆಸರು, ಉದಾಹರಣೆಗೆಂದು ಕೊಟ್ಟ ವಿದ್ಯಾರ್ಥಿಯ ಅಂಕಗಳ ಪಟ್ಟಿ. ಇವು ಎರಡೂ ಕಡೆ ಒಂದೇ ಆಗಿದ್ದರೆ ಅನುಮಾನಕ್ಕೆ ಬಲ ಬರುತ್ತದೆ. ಸ್ಕ್ರೀನ್‌ಶಾಟ್‌ನ ಮೂಲೆಯಲ್ಲಿ ಮೂಲ ಲೇಖಕರ ಫೋಲ್ಡರ್ ಹೆಸರು ಹಾಗೆಯೇ ಉಳಿದಿರುವುದುಂಟು. ‘ಹಿಂದಿನ ಭಾಗದಲ್ಲಿ ನೋಡಿದಂತೆ’ ಎಂದು ಬರೆದಿರುತ್ತದೆ, ಆದರೆ ಆ ತಾಣದಲ್ಲಿ ಹಿಂದಿನ ಭಾಗವೇ ಇರುವುದಿಲ್ಲ. ಚಿತ್ರಗಳನ್ನು ಇಳಿಸಿಕೊಳ್ಳುವ ಶ್ರಮವನ್ನೂ ತೆಗೆದುಕೊಳ್ಳದೆ ಮೂಲ ಲೇಖಕರ ಸರ್ವರ್‌ನಿಂದಲೇ ಎಳೆಯುವವರೂ ಇದ್ದಾರೆ. ಪ್ರಕಟಣೆಯ ದಿನಾಂಕವನ್ನು ಮಾತ್ರ ನಂಬಬೇಡಿ; ಅದನ್ನು ಯಾರು ಬೇಕಾದರೂ ಹಿಂದಕ್ಕೆ ತಳ್ಳಬಹುದು. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಯಾವ ಪುಟ ಯಾವತ್ತು ಹೇಗಿತ್ತು ಎಂಬ ದಾಖಲೆ ಸಿಕ್ಕರೆ ಅದು ಹೆಚ್ಚು ಗಟ್ಟಿ.

ಕೆಲವರು ಬೇಕೆಂದೇ ಗುರುತು ಬಿಡುತ್ತಾರೆ. ಹಾಡುಗಳ ಸಾಹಿತ್ಯ ಪ್ರಕಟಿಸುವ ಜೀನಿಯಸ್ ಎಂಬ ಅಮೆರಿಕದ ತಾಣ ತನ್ನ ಪುಟಗಳ ಅಪಾಸ್ಟ್ರಫಿಗಳಲ್ಲಿ ಕೆಲವನ್ನು ನೇರವಾಗಿ, ಕೆಲವನ್ನು ಬಾಗಿಸಿ ಇಟ್ಟಿತ್ತು. ಆ ಸರಣಿಯನ್ನು ಮೋರ್ಸ್ ಸಂಕೇತವಾಗಿ ಓದಿದರೆ ‘ರೆಡ್ ಹ್ಯಾಂಡೆಡ್’ ಎಂದಾಗುತ್ತಿತ್ತು. ಅದೇ ಸರಣಿ ಗೂಗಲ್ ತೋರಿಸುವ ಸಾಹಿತ್ಯದಲ್ಲೂ ಕಂಡಿತೆಂದು 2019ರಲ್ಲಿ ಜೀನಿಯಸ್ ಮೊಕದ್ದಮೆ ಹೂಡಿತು. ಗೂಗಲ್ ಆರೋಪವನ್ನು ಒಪ್ಪಲಿಲ್ಲ. 2022ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲೂ ಜೀನಿಯಸ್ ಸೋತಿತು. ಮರುವರ್ಷ ಅಮೆರಿಕದ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಹಾಡಿನ ಹಕ್ಕು ಜೀನಿಯಸ್‌ನದಾಗಿರಲಿಲ್ಲ. ನಕಲಾಗಿದೆ ಎಂದು ತೋರಿಸುವುದು ಒಂದು ಕೆಲಸ, ಹಕ್ಕು ನಮ್ಮದೆಂದು ತೋರಿಸುವುದು ಇನ್ನೊಂದು ಕೆಲಸ.

ಅನುಮಾನ ಬಂದ ಕೂಡಲೇ ಸಾಮಾಜಿಕ ಜಾಲತಾಣದಲ್ಲಿ ಕಳ್ಳ ಎಂದು ಕೂಗುವವರಿಗೂ ಒಂದು ಮಾತು ಹೇಳಬೇಕು. ಬೈನರಿ ಸರ್ಚ್ ಹೇಗೆ ನಡೆಯುತ್ತದೆ ಎಂದು ನೂರು ಜನ ವಿವರಿಸಿದರೂ ನಡುವಿನ ಅಂಶ ನೋಡು, ಅರ್ಧ ಬಿಸಾಡು, ಮತ್ತೆ ನಡುವಿನದು ನೋಡು ಎಂದೇ ಬರೆಯಬೇಕು. ಆ ಐದಾರು ಸಾಲಿನ ಕೋಡ್ ಎಲ್ಲರದೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಇಬ್ಬರೂ ಅಧಿಕೃತ ಕೈಪಿಡಿಯನ್ನು ಮುಂದಿಟ್ಟುಕೊಂಡು ಬರೆದಿದ್ದರೆ ಉದಾಹರಣೆಗಳೂ ಹೊಂದಿಕೆಯಾಗುತ್ತವೆ. ವಿಚಾರಕ್ಕೆ ಹಕ್ಕುಸ್ವಾಮ್ಯ ಇಲ್ಲ, ಅದನ್ನು ಹೇಳಿದ ರೀತಿಗೆ ಇದೆ ಎಂದು ನಮ್ಮ ಸುಪ್ರೀಂ ಕೋರ್ಟ್ 1978ರಲ್ಲೇ ಆರ್.ಜಿ. ಆನಂದ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಒಂದು ನಾಟಕಕ್ಕೂ ಒಂದು ಸಿನಿಮಾಕ್ಕೂ ಸಂಬಂಧಿಸಿದ ವ್ಯಾಜ್ಯ ಅದು. ಇಂದಿಗೂ ಈ ವಿಷಯದಲ್ಲಿ ಅದೇ ದಾರಿದೀಪ.

ಯಂತ್ರದ ನೆರವು ಪಡೆಯುವಾಗಲೂ ಈ ಎಚ್ಚರ ಬೇಕು. ವಿದ್ಯಾರ್ಥಿಗಳ ಕೋಡ್ ಹೋಲಿಸಲು ಅಲೆಕ್ಸ್ ಐಕನ್ 1994ರಲ್ಲಿ ರೂಪಿಸಿದ ಮಾಸ್ ಎಂಬ ವ್ಯವಸ್ಥೆ ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಬಳಕೆಯಲ್ಲಿದೆ. ಅದು ಖಾಲಿ ಜಾಗ, ವೇರಿಯಬಲ್ ಹೆಸರು ಮೊದಲಾದ ಮೇಲುಮೇಲಿನ ವ್ಯತ್ಯಾಸಗಳನ್ನು ಪಕ್ಕಕ್ಕಿಟ್ಟು, ಉಳಿದದ್ದನ್ನು ಸಣ್ಣ ಸಣ್ಣ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿಗೂ ಒಂದು ಸಂಖ್ಯೆ ಕೊಟ್ಟು, ಅವುಗಳಲ್ಲಿ ಕೆಲವನ್ನು ಆರಿಸಿ ಬೆರಳಚ್ಚಿನಂತೆ ಇಟ್ಟುಕೊಳ್ಳುತ್ತದೆ. ಎರಡು ಕಡತಗಳ ಬೆರಳಚ್ಚುಗಳು ಎಷ್ಟು ಹೊಂದುತ್ತವೆ ಎಂದು ತೋರಿಸುತ್ತದೆ. ಹೆಸರು ಬದಲಿಸಿದ ಮಾತ್ರಕ್ಕೆ ಅದರ ಕಣ್ಣು ತಪ್ಪಿಸಲಾಗದು. ಆದರೆ ಅದನ್ನು ರೂಪಿಸಿದವರೇ ಹೇಳುತ್ತಾರೆ: ಹೋಲಿಕೆಯ ಅಂಕ ಕೃತಿಚೌರ್ಯದ ಪುರಾವೆಯಲ್ಲ, ಆ ಭಾಗಗಳನ್ನು ಮನುಷ್ಯರೇ ಓದಿ ತೀರ್ಮಾನಿಸಬೇಕು.

ಕಳವನ್ನು ಮುಚ್ಚಿಡಲು ಪದಗಳನ್ನು ಬದಲಿಸುವವರು ಇನ್ನೊಂದು ರೀತಿಯಲ್ಲಿ ಸಿಕ್ಕಿಬೀಳುತ್ತಾರೆ. ಯೂಟ್ಯೂಬ್‌ನಲ್ಲಿ ಕೃತಕ ಬುದ್ಧಿಮತ್ತೆಯ ಪಾಠ ಹೇಳಿ ಲಕ್ಷಾಂತರ ಚಂದಾದಾರರನ್ನು ಗಳಿಸಿದ್ದ ಸಿರಾಜ್ ರಾವಲ್ 2019ರಲ್ಲಿ ಒಂದು ಸಂಶೋಧನಾ ಲೇಖನ ಪ್ರಕಟಿಸಿದರು. ಅದರಲ್ಲಿ ‘ಕ್ವಾಂಟಮ್ ಗೇಟ್’ ಇರಬೇಕಾದ ಕಡೆ ‘ಕ್ವಾಂಟಮ್ ಡೋರ್’ ಎಂದಿತ್ತು. ಗಣಿತದಲ್ಲಿ ‘ಕಾಂಪ್ಲೆಕ್ಸ್ ಹಿಲ್ಬರ್ಟ್ ಸ್ಪೇಸ್’ ಎನ್ನುವುದು ‘ಕಾಂಪ್ಲಿಕೇಟೆಡ್ ಹಿಲ್ಬರ್ಟ್ ಸ್ಪೇಸ್’ ಆಗಿತ್ತು. ವಿಷಯ ಬಲ್ಲ ಯಾರೂ ಹಾಗೆ ಬರೆಯಲಾರರು. ನೇಥನ್ ಕಿಲ್ಲೋರನ್ ಎಂಬ ಸಂಶೋಧಕ ಮತ್ತು ಸಂಗಡಿಗರ ಲೇಖನದಿಂದ ದೊಡ್ಡ ದೊಡ್ಡ ಭಾಗಗಳನ್ನು ಎತ್ತಲಾಗಿದೆ ಎಂಬುದು ಹೊರಬಂತು. ರಾವಲ್ ತಪ್ಪೊಪ್ಪಿಕೊಂಡು ಕ್ಷಮೆ ಕೇಳಿದರು. ಇದರಲ್ಲಿ ನನಗೆ ಅತ್ಯಂತ ನೋವಿನದಾಗಿ ಕಾಣುವುದು ಅವರನ್ನು ನಂಬಿ ಕಲಿಯಲು ಕೂತಿದ್ದ ವಿದ್ಯಾರ್ಥಿಗಳ ಪಾಡು. ಗೇಟು ಬಾಗಿಲಾದದ್ದು ಅವರಿಗೆ ಗೊತ್ತಾಗುವುದಾದರೂ ಹೇಗೆ?

ನಮ್ಮ ಕಾನೂನು ಈ ವಿಷಯದಲ್ಲಿ ಬಹಳ ಜನ ತಿಳಿದಿರುವುದಕ್ಕಿಂತ ಬಲವಾಗಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯಡಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. ನೋಂದಣಿ ಕಡ್ಡಾಯವಲ್ಲ, ಬರೆದ ಗಳಿಗೆಯಿಂದ ಹಕ್ಕು ಹುಟ್ಟುತ್ತದೆ, ಬರೆದವರು ತೀರಿಕೊಂಡ ನಂತರವೂ 60 ವರ್ಷ ಉಳಿಯುತ್ತದೆ. ಉದ್ಯೋಗದ ಭಾಗವಾಗಿ ಬರೆದದ್ದಾದರೆ ಸಾಮಾನ್ಯವಾಗಿ ಮೊದಲ ಹಕ್ಕು ಉದ್ಯೋಗದಾತರದು. ವಿಮರ್ಶೆಗಾಗಿ ನಾಲ್ಕು ಸಾಲು ಉದ್ಧರಿಸುವುದಕ್ಕೆ, ಸ್ವಂತ ಅಧ್ಯಯನಕ್ಕೆ ಬಳಸುವುದಕ್ಕೆ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. 57ನೇ ಸೆಕ್ಷನ್ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಹಕ್ಕನ್ನು ದುಡ್ಡಿಗೆ ಮಾರಿದ ಮೇಲೂ ‘ಇದನ್ನು ಬರೆದದ್ದು ನಾನು’ ಎಂದು ಹೇಳಿಕೊಳ್ಳುವ ಅಧಿಕಾರ ಬರೆದವರಲ್ಲೇ ಉಳಿಯುತ್ತದೆ ಎನ್ನುತ್ತದೆ ಅದು. ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದವರಿಗೆ 63ನೇ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ ಎರಡು ಲಕ್ಷ ರೂಪಾಯಿವರೆಗೆ ದಂಡ ಇದೆ. ಸಿವಿಲ್ ಮೊಕದ್ದಮೆಯನ್ನು ನೀವು ವಾಸವಿರುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ಹೂಡಬಹುದು.

ಒಂದು ಲೇಖನಕ್ಕಾಗಿ ಯಾರೂ ಕೋರ್ಟ್ ಮೆಟ್ಟಿಲು ಹತ್ತುವುದಿಲ್ಲ, ನಿಜ. ಹಾಗಾಗಿ ಅದಕ್ಕೆ ಮೊದಲಿನ ದಾರಿಗಳನ್ನು ತಿಳಿದಿರಬೇಕು. ಮೊದಲು ಎರಡೂ ಪುಟಗಳ ಸ್ಕ್ರೀನ್‌ಶಾಟ್ ತೆಗೆದು, ವೇಬ್ಯಾಕ್ ಮಷೀನ್‌ನಲ್ಲೂ ಪ್ರತಿ ಉಳಿಸಿ. ದೂರು ಹೋದ ಕೂಡಲೇ ಪುಟ ಮಾಯವಾಗಬಹುದು, ಆಮೇಲೆ ತೋರಿಸಲು ಏನೂ ಇರುವುದಿಲ್ಲ. ಅನಂತರ ಹಾಕಿದವರಿಗೇ ಮರ್ಯಾದೆಯಿಂದ ಬರೆಯಿರಿ. ಅವರು ವಿದ್ಯಾರ್ಥಿಯಾಗಿದ್ದರೆ ಅಷ್ಟರಿಂದಲೇ ಮುಗಿಯುವ ಸಂಭವ ಹೆಚ್ಚು, ಅವರು ಕಲಿಯುವುದೂ ಅಲ್ಲೇ. ಉತ್ತರ ಬಾರದಿದ್ದರೆ ತಾಣಕ್ಕೆ ಲಿಖಿತ ದೂರು ಕೊಡಿ. ಅಮೆರಿಕದ ತಾಣಗಳು ಅಲ್ಲಿನ 1998ರ ಡಿಎಂಸಿಎ ಎಂಬ ಹಕ್ಕುಸ್ವಾಮ್ಯ ಕಾಯ್ದೆಯಂತೆ ನಡೆದುಕೊಳ್ಳುತ್ತವೆ. ಅದಕ್ಕೆಂದೇ ಅರ್ಜಿಯ ನಮೂನೆ ಇಟ್ಟಿರುತ್ತವೆ. ನಮ್ಮ 2013ರ ಹಕ್ಕುಸ್ವಾಮ್ಯ ನಿಯಮಗಳ ಪ್ರಕಾರ, ಇತರರ ಬರಹಕ್ಕೆ ಜಾಗ ಕೊಡುವ ಮಧ್ಯವರ್ತಿ ತಾಣವು ಸರಿಯಾದ ದೂರು ಬಂದ 36 ಗಂಟೆಗಳೊಳಗೆ ಆ ಪುಟ ಜನರಿಗೆ ಸಿಗದಂತೆ ಮಾಡಬೇಕು. ದೂರು ಕೊಟ್ಟವರು 21 ದಿನಗಳೊಳಗೆ ನ್ಯಾಯಾಲಯದ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. ಗೂಗಲ್‌ಗೆ ಪ್ರತ್ಯೇಕವಾಗಿ ದೂರು ಕೊಟ್ಟು ನಕಲು ಪುಟವನ್ನು ಹುಡುಕಾಟದ ಫಲಿತಾಂಶದಿಂದ ತೆಗೆಸಲೂಬಹುದು. ಕದ್ದ ಪುಟಕ್ಕೆ ಓದುಗರು ಬರುವುದೇ ಆ ದಾರಿಯಲ್ಲಿ, ಹಾಗಾಗಿ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಚಾಟ್‌ಜಿಪಿಟಿಯಂಥ ಸಾಧನಗಳು ಬಂದ ಮೇಲೆ ಈ ಗುರುತುಗಳೆಲ್ಲ ಮಸುಕಾಗುತ್ತಿವೆ. ಲೇಖನವನ್ನು ಅದಕ್ಕೆ ಕೊಟ್ಟು ‘ಬೇರೆ ಮಾತಿನಲ್ಲಿ ಬರೆ’ ಎಂದರೆ ಕಾಗುಣಿತ ದೋಷ ಹೋಗುತ್ತದೆ, ವೇರಿಯಬಲ್ ಹೆಸರು ಹೋಗುತ್ತದೆ. ಲೇಖಕರ ಸ್ವಂತ ಅನುಭವದ ಸಾಲೂ ಹೋಗುತ್ತದೆ. ತಪ್ಪು ತರ್ಕ ಮಾತ್ರ ಹೊಸ ಬಟ್ಟೆ ತೊಟ್ಟು ಉಳಿಯಬಹುದು. ಸರಿಯೋ ತಪ್ಪೋ ಎಂದು ಖಚಿತವಿಲ್ಲದ ಉತ್ತರಗಳು ಹರಿದುಬರತೊಡಗಿದ್ದರಿಂದ ಸ್ಟ್ಯಾಕ್ ಓವರ್‌ಫ್ಲೋ 2022ರ ಡಿಸೆಂಬರ್‌ನಲ್ಲೇ ಚಾಟ್‌ಜಿಪಿಟಿ ಉತ್ತರಗಳನ್ನು ನಿಷೇಧಿಸಿತು. ಅದಕ್ಕೂ ಒಂದು ತಿಂಗಳು ಮೊದಲು, ಪರವಾನಗಿಯ ಷರತ್ತು ಮುರಿದು ತಮ್ಮ ಕೋಡ್ ಬಳಸಲಾಗಿದೆ ಎಂದು ಕೋಡ್ ಬರೆದುಕೊಡುವ ಗಿಟ್‌ಹಬ್ ಕೋಪೈಲಟ್ ಎಂಬ ಸಾಧನದ ವಿರುದ್ಧ ಕೆಲವು ಪ್ರೋಗ್ರಾಮರ್‌ಗಳು ಅಮೆರಿಕದಲ್ಲಿ ಮೊಕದ್ದಮೆ ಹೂಡಿದ್ದರು. ನಮ್ಮಲ್ಲಿ ಎಎನ್‌ಐ ಸುದ್ದಿಸಂಸ್ಥೆ, ತನ್ನ ಬರಹವನ್ನು ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ಚಾಟ್‌ಜಿಪಿಟಿ ರೂಪಿಸಿದ ಓಪನ್‌ಎಐ ವಿರುದ್ಧ 2024ರಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. ನ್ಯಾಯಾಲಯಗಳು ಏನೇ ಹೇಳಲಿ, ಬಳಸುವವರು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಉತ್ತರ ನಾಳೆ ತಪ್ಪೆಂದು ಗೊತ್ತಾದರೆ ನನಗೆ ತಿಳಿಸುವವರು ಯಾರು?

ಕನ್ನಡದಲ್ಲಿ ತಂತ್ರಜ್ಞಾನ ಬರೆಯುವವರು ಬೆರಳೆಣಿಕೆಯಷ್ಟು. ಯು.ಬಿ. ಪವನಜ ಅವರು 1996ರಲ್ಲೇ ‘ವಿಶ್ವ ಕನ್ನಡ’ ಎಂಬ ಅಂತರ್ಜಾಲ ಪತ್ರಿಕೆ ಶುರುಮಾಡಿದರು, ಟಿ.ಜಿ. ಶ್ರೀನಿಧಿ ‘ಇಜ್ಞಾನ’ ನಡೆಸಿಕೊಂಡು ಬಂದಿದ್ದಾರೆ. ಇಂಥ ಬರಹದಲ್ಲಿ ದುಡ್ಡು ಇಲ್ಲವೆನ್ನುವಷ್ಟು ಕಡಿಮೆ. ಬರೆದವರ ಕೈಗೆ ಬರುವುದು ಹೆಸರು, ಆ ಹೆಸರು ನೋಡಿ ಓದುಗರು ಕಳಿಸುವ ಪ್ರಶ್ನೆಗಳು, ತಿದ್ದುಪಡಿಗಳು. ಹೆಸರು ಅಳಿಸಿ ಹಂಚಿದರೆ ಆ ಸಂವಾದ ಅಲ್ಲಿಗೇ ನಿಲ್ಲುತ್ತದೆ. ನಮ್ಮಲ್ಲಿ ಇದು ಕೆಟ್ಟ ಉದ್ದೇಶದಿಂದ ನಡೆಯುವುದಕ್ಕಿಂತ ರೂಢಿಯಿಂದ ನಡೆಯುವುದೇ ಹೆಚ್ಚು. ಚಿತ್ರದ ಕೆಳಗೆ ‘ಕೃಪೆ: ಅಂತರ್ಜಾಲ’ ಎಂದು ಹಾಕಿ ಕೈತೊಳೆದುಕೊಳ್ಳುತ್ತೇವೆ. ಅಂತರ್ಜಾಲ ಯಾವ ಚಿತ್ರವನ್ನೂ ತೆಗೆದಿಲ್ಲ, ಯಾವ ಲೇಖನವನ್ನೂ ಬರೆದಿಲ್ಲ. ‘ಸಂಗ್ರಹ’ ಎಂದು ಕೊನೆಗೆ ಸೇರಿಸುವುದೂ ಅಷ್ಟೇ. ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತಂದರೆ ಅದು ತಮ್ಮದೇ ಆಗಿಬಿಡುತ್ತದೆ ಎಂದು ನಂಬಿರುವ ಒಳ್ಳೆಯ ಮನಸ್ಸಿನವರೂ ಇದ್ದಾರೆ. ಅನುವಾದಿಸುವ ಹಕ್ಕು ಕೂಡ ಮೂಲ ಲೇಖಕರದೇ ಎಂದು ನಮ್ಮ ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ. ಕನ್ನಡದಂಥ ಭಾಷೆಗೆ ಅನುವಾದ ಬೇಕೇ ಬೇಕು, ಅದು ಹೆಚ್ಚಾಗಬೇಕು. ಅನುಮತಿ ಕೇಳಲು ಬೇಕಾದದ್ದು ಒಂದು ಇಮೇಲ್. ತಮ್ಮ ಬರಹ ಇನ್ನೊಂದು ಭಾಷೆಗೆ ಹೋಗುತ್ತದೆ ಎಂದರೆ ಸಂತೋಷಪಡುವ ಲೇಖಕರು ಬಹಳ ಜನ ಇರುತ್ತಾರೆ. ತಿದ್ದುಪಡಿ ಮಾಡಿದಾಗ ಅನುವಾದಕರಿಗೂ ತಿಳಿಸಬಲ್ಲರು.

ಕಾಲೇಜುಗಳಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುವ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇದು. ಮುಂದಿನ ಲ್ಯಾಬ್‌ನಲ್ಲಿ ವಿದ್ಯಾರ್ಥಿಗಳು ಹೊರಗಿನ ಕೋಡ್ ಬಳಸಿದರೆ ಅಂಕ ಕಳೆಯಬೇಡಿ. ಕೋಡ್‌ನ ಮೇಲೆ ಮೂಲದ ಕೊಂಡಿ, ಬರೆದವರ ಹೆಸರು, ತೆಗೆದುಕೊಂಡ ದಿನಾಂಕ ಕಾಮೆಂಟಾಗಿ ಇಲ್ಲದಿದ್ದರೆ ಮಾತ್ರ ಕಳೆಯಿರಿ. ಓದುಗರಲ್ಲೂ ಒಂದು ಕೋರಿಕೆ. ಪೈಥಾನ್ ಕಲಿಸುವ ಲೇಖನವೊಂದು ಹೆಸರಿಲ್ಲದೆ ನಿಮ್ಮ ವಾಟ್ಸ್ಆ್ಯಪ್ ಗುಂಪಿಗೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಅದರ ಒಂದು ಸಾಲನ್ನು ಉದ್ಧರಣ ಚಿಹ್ನೆಗಳ ನಡುವೆ ಹಾಕಿ ಹುಡುಕಿ. ಮೂಲ ಸಿಕ್ಕರೆ ಅದರ ಕೊಂಡಿಯನ್ನೇ ಕಳಿಸಿ, ಬರೆದವರಿಗೂ ಒಂದು ಸಾಲು ಬರೆದು ತಿಳಿಸಿ.